ಹೊಂದದ ಯಂತ್ರಗಳ ನಡುವೆ

ಇಪ್ಪತ್ತು ವರ್ಷಗಳ ಹಿಂದೆ ಪತ್ರಿಕೆಗಳಿಗೆ ಇಮೇಲಿನಲ್ಲಿ ಕನ್ನಡ ಲೇಖನ ಕಳಿಸುತ್ತಿದ್ದವರಿಗೆ ಒಂದು ಅನುಭವ ಮರೆಯುವಂಥದ್ದಲ್ಲ. ರಾತ್ರಿಯೆಲ್ಲ ಕೂತು ಟೈಪಿಸಿ, ತಿದ್ದಿ, ಕಳಿಸಿದ ಬರಹ ಆ ಕಡೆ ತೆರೆದಾಗ ಕನ್ನಡವೇ ಆಗಿರುತ್ತಿರಲಿಲ್ಲ. ಪ್ರಶ್ನಾರ್ಥಕ ಚಿಹ್ನೆಗಳು, ತಲೆಯ ಮೇಲೆ ಚುಕ್ಕೆ ಹೊತ್ತ ರೋಮನ್ ಅಕ್ಷರಗಳು, ಖಾಲಿ ಚೌಕಗಳು. ಸಂಪಾದಕರು ಫೋನ್ ಮಾಡಿ ‘ಯಾವ ಫಾಂಟಿನಲ್ಲಿ ಬರೆದಿದ್ದೀರಿ?’ ಎಂದು ಕೇಳುವುದು, ನಾವು ಆ ಫಾಂಟನ್ನೂ ಕಳಿಸುವುದು, ಅದಕ್ಕೂ ಬಗ್ಗದಿದ್ದರೆ ಡಿಟಿಪಿ ಅಂಗಡಿಯಲ್ಲಿ ಪ್ರಿಂಟು ತೆಗೆಸಿ ಕೊರಿಯರ್‌ಗೆ ಕೊಡುವುದು. ಎರಡೂ ಕಡೆ ಗಣಕ ಸರಿಯಾಗಿಯೇ ಇತ್ತು, ತಂತ್ರಾಂಶವೂ ಸರಿಯಾಗಿಯೇ ಇತ್ತು. ಒಂದರ ಮಾತು ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ, ಅಷ್ಟೆ.

ಆ ‘ಅಷ್ಟೆ’ಯನ್ನು ಬಿಡಿಸುವುದರಲ್ಲೇ ಬದುಕು ಸವೆಸಿದ ಜನ ಜಗತ್ತಿನ ವಿಶ್ವವಿದ್ಯಾಲಯಗಳ ಗಣಕ ಕೇಂದ್ರಗಳಲ್ಲಿ ಇದ್ದಾರೆ. ಅವರು ಪ್ರಾಧ್ಯಾಪಕರಲ್ಲ, ಆದ್ದರಿಂದ ಪ್ರಶಸ್ತಿಗಳ ಪಟ್ಟಿಯಲ್ಲಿ ಕಾಣುವುದಿಲ್ಲ. ಕಂಪನಿ ಕಟ್ಟಿದವರಲ್ಲ, ಆದ್ದರಿಂದ ವಾಣಿಜ್ಯ ಪುಟಗಳಲ್ಲೂ ಕಾಣುವುದಿಲ್ಲ. ನೆಟ್‌ವರ್ಕ್ ಓಡುತ್ತಿರುವಷ್ಟು ದಿನ ಯಾರಿಗೂ ಅವರ ನೆನಪಾಗುವುದಿಲ್ಲ. ಪರೀಕ್ಷೆಯ ಫಲಿತಾಂಶದ ದಿನ ಸರ್ವರ್ ಕೈಕೊಟ್ಟಾಗ ಮಾತ್ರ ಎಲ್ಲರೂ ಅವರ ಬಾಗಿಲು ತಟ್ಟುತ್ತಾರೆ. ಇಂಥವರಲ್ಲಿ ಒಬ್ಬರ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕೆಂದು ನನಗೆ ಬಹಳ ದಿನಗಳಿಂದ ಆಸೆ. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಗಣಕ ಕೇಂದ್ರದಲ್ಲಿ ಮೂರೂವರೆ ದಶಕ ದುಡಿದ ಫ್ರಾಂಕ್ ಡ ಕ್ರೂಜ್ ಅವರದು ಆ ಕೆಲಸ. ಅವರೂ ಅವರ ಸಹೋದ್ಯೋಗಿ ಬಿಲ್ ಕ್ಯಾಚಿಂಗ್ಸ್ ಅವರೂ ಸೇರಿ 1981ರಲ್ಲಿ ರೂಪಿಸಿದ ‘ಕರ್ಮಿಟ್’ ಎಂಬ ಕಡತ ರವಾನೆಯ ವಿಧಾನ, ಇಂಟರ್ನೆಟ್ ಮನೆಮನೆಗೆ ಬರುವ ಮುಂಚಿನ ದಿನಗಳಲ್ಲಿ ಪ್ರಪಂಚದ ನೂರಾರು ಬಗೆಯ ಗಣಕಗಳನ್ನು ಒಂದಕ್ಕೊಂದು ಮಾತಾಡಿಸಿತು.

ಕೊಲಂಬಿಯಾಕ್ಕೆ ಲೆಕ್ಕದ ಯಂತ್ರಗಳು ಹೊಸದಲ್ಲ. 1930ರ ದಶಕದಲ್ಲೇ ಅಲ್ಲಿನ ಖಗೋಳಶಾಸ್ತ್ರಜ್ಞ ವಾಲೇಸ್ ಎಕರ್ಟ್, ಕಚೇರಿಗಳ ಜಮಾಖರ್ಚಿಗೆಂದು ಐಬಿಎಂ ಮಾಡುತ್ತಿದ್ದ ಪಂಚ್ ಕಾರ್ಡ್ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ ಗ್ರಹಗಳ ಚಲನೆ ಲೆಕ್ಕ ಹಾಕಿದ್ದರು. ಈ ವಿಧಾನವನ್ನು 1940ರಲ್ಲಿ ಪುಸ್ತಕವಾಗಿಯೂ ಬರೆದರು. 1945ರಲ್ಲಿ ಐಬಿಎಂ ನೆರವಿನಿಂದ ವಾಟ್ಸನ್ ಪ್ರಯೋಗಾಲಯ ಅಲ್ಲಿ ಶುರುವಾಯಿತು. ಆ ಪ್ರಯೋಗಾಲಯದ ಯಂತ್ರಗಳ ಮುಂದೆ ಕೂತು ದಿನಗಟ್ಟಲೆ ಲೆಕ್ಕ ನಡೆಸಿದವರಲ್ಲಿ ಎಲಿನಾರ್ ಕ್ರಾವಿಟ್ಜ್ ಅವರಂಥ ಹೆಣ್ಣುಮಕ್ಕಳೂ ಇದ್ದರು. 1963ರಲ್ಲಿ ಇಡೀ ವಿಶ್ವವಿದ್ಯಾಲಯಕ್ಕೆ ಒಂದು ಗಣಕ ಕೇಂದ್ರ ತೆರೆಯಿತು. ವಿದ್ಯಾರ್ಥಿಗಳು ಕಾರ್ಡುಗಳ ಕಟ್ಟು ಹಿಡಿದು ಸಾಲಿನಲ್ಲಿ ನಿಲ್ಲುವುದು, ಒಳಗೆ ಕೊಟ್ಟು ಉತ್ತರಕ್ಕೆ ಕಾಯುವುದು, ಒಂದು ಅಲ್ಪವಿರಾಮ ತಪ್ಪಿದ್ದರೆ ಮತ್ತೆ ಮೊದಲಿನಿಂದ ಎಲ್ಲ.

ಡ ಕ್ರೂಜ್ ಅಲ್ಲಿಗೆ ಬಂದದ್ದು 1970ರ ದಶಕದ ನಡುವಿನಲ್ಲಿ, ಕಾರ್ಡುಗಳ ಕಾಲ ಮುಗಿಯುತ್ತಿದ್ದಾಗ. 1977ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿಯ ಡೆಕ್-20 ಎಂಬ ಯಂತ್ರ ಬಂತು. ಒಂದೇ ಯಂತ್ರಕ್ಕೆ ಹತ್ತಾರು ಟರ್ಮಿನಲ್‌ಗಳು; ಅವುಗಳ ಮುಂದೆ ಕೂತವರಿಗೆಲ್ಲ ಗಣಕ ತಮ್ಮೊಬ್ಬರದೇ ಎಂಬ ಭಾವನೆ. ವಿದ್ಯಾರ್ಥಿಗಳು ಅದಕ್ಕೆ ಮುಗಿಬಿದ್ದರು. ಬಂದ ತೊಡಕೂ ಅಲ್ಲಿಂದಲೇ. ಆ ಕಾಲದ ಡಿಸ್ಕ್ ಬಹಳ ದುಬಾರಿ. ಒಬ್ಬ ವಿದ್ಯಾರ್ಥಿಗೆ ಸಿಗುತ್ತಿದ್ದದ್ದು ಅಂಗೈಯಗಲದ ಜಾಗ. ಸೆಮಿಸ್ಟರ್ ಮುಗಿದ ಮೇಲೆ ಅದನ್ನೂ ಅಳಿಸಿ ಮುಂದಿನವರಿಗೆ ಕೊಡಬೇಕು. ನಾಲ್ಕು ತಿಂಗಳು ಬರೆದ ಪ್ರೋಗ್ರಾಮು, ಟೈಪಿಸಿದ ಪ್ರಬಂಧ, ಎಲ್ಲಿಟ್ಟುಕೊಳ್ಳುವುದು?

ಆಗತಾನೆ ಫ್ಲಾಪಿ ಹಾಕುವ ಚಿಕ್ಕ ಗಣಕಗಳು ಬರತೊಡಗಿದ್ದವು. ದೊಡ್ಡ ಯಂತ್ರದ ಕಡತವನ್ನು ಫ್ಲಾಪಿಗೆ ಇಳಿಸಿಕೊಂಡು ಜೇಬಿನಲ್ಲಿಟ್ಟು ಮನೆಗೆ ಒಯ್ದರಾಯಿತು, ಬೇಕಾದಾಗ ಮತ್ತೆ ಏರಿಸಿದರಾಯಿತು. ಹೇಳುವುದಕ್ಕೆ ಇಷ್ಟೇ. ಮಾಡಲು ಹೊರಟಾಗ ಗೊತ್ತಾದದ್ದು, ಈ ಯಂತ್ರಗಳಲ್ಲಿ ಒಂದಕ್ಕೊಂದು ಹೊಂದುವ ಅಂಶ ಹೆಚ್ಚುಕಮ್ಮಿ ಏನೂ ಇಲ್ಲ ಎಂಬುದು.

ಈ ಹೊಂದಿಕೆಯಿಲ್ಲದ ಸ್ಥಿತಿ ಎಂಥದ್ದೆಂದು ತುಸು ವಿವರವಾಗಿ ಹೇಳಬೇಕು, ಏಕೆಂದರೆ ಕರ್ಮಿಟ್‌ನ ಚೆಲುವು ಇರುವುದೇ ಅದರಲ್ಲಿ. ಚಿಕ್ಕ ಗಣಕ ಎಂಟು ಬಿಟ್‌ಗಳ ಬೈಟ್‌ಗಳಲ್ಲಿ ಯೋಚಿಸುತ್ತಿತ್ತು. ಡೆಕ್-20ರ ಒಂದು ‘ಪದ’ಕ್ಕೆ 36 ಬಿಟ್. ಅದರಲ್ಲಿ ಏಳೇಳು ಬಿಟ್‌ಗಳ ಐದು ಅಕ್ಷರ ತುಂಬಿದರೆ ಒಂದು ಬಿಟ್ ಮಿಕ್ಕುತ್ತಿತ್ತು. ಅದೇ ಕಟ್ಟಡದ ಐಬಿಎಂ ಮೈನ್‌ಫ್ರೇಮ್‌ಗೆ ಅಕ್ಷರಗಳ ಸಂಕೇತವೇ ಬೇರೆ. ಉಳಿದವರೆಲ್ಲ ಆಸ್ಕಿ ಎಂಬ ಸಂಕೇತಮಾಲೆ ಬಳಸಿದರೆ ಅದು ಎಬ್ಸಿಡಿಕ್ ಎಂಬುದನ್ನು ಬಳಸುತ್ತಿತ್ತು. ಡೆಕ್ ಯಂತ್ರದೊಂದಿಗೆ ಎರಡೂ ಕಡೆಯವರು ಒಟ್ಟಿಗೆ ಮಾತಾಡಬಹುದಿತ್ತು. ಐಬಿಎಂ ಯಂತ್ರ ಮಾತ್ರ ‘ಈಗ ನೀನು ಹೇಳು’ ಎಂದು ಸನ್ನೆ ಕೊಡುವವರೆಗೆ ಕಿವಿಗೊಡುತ್ತಲೇ ಇರಲಿಲ್ಲ. ತಂತಿಯೂ ಅಷ್ಟೆ. ಅನೇಕ ಸಂಪರ್ಕಗಳಲ್ಲಿ ಎಂಟನೆಯ ಬಿಟ್ ತಪ್ಪು ಹಿಡಿಯುವುದಕ್ಕೆಂದು ಮೀಸಲಾಗಿತ್ತು, ಆದ್ದರಿಂದ ದಾರಿಯಲ್ಲಿ ದಾಟುತ್ತಿದ್ದದ್ದು ಏಳೇ ಬಿಟ್.

ಇನ್ನೂ ಒಂದು ತೊಡಕಿತ್ತು. ಏಳು ಬಿಟ್‌ಗಳ ಆಸ್ಕಿಯಲ್ಲಿ 128 ಸಂಕೇತಗಳು. ಅವುಗಳಲ್ಲಿ 33 ಅಕ್ಷರಗಳಲ್ಲ, ಯಂತ್ರಕ್ಕೆ ಕೊಡುವ ಆಜ್ಞೆಗಳು: ನಿಲ್ಲು, ಮುಂದುವರಿ, ಸಾಲು ಬದಲಿಸು, ಗಂಟೆ ಬಾರಿಸು. ನಾವು ಕಳಿಸುವ ಕಡತದೊಳಗೆ ‘ನಿಲ್ಲು’ ಎಂಬ ಸಂಕೇತಕ್ಕೆ ಸಮನಾದ ಬೈಟ್ ಒಂದಿದ್ದರೆ, ದಾರಿಯಲ್ಲಿರುವ ಯಂತ್ರ ಅದನ್ನು ತನಗೇ ಕೊಟ್ಟ ಆಜ್ಞೆಯೆಂದು ತಿಳಿದು ನಿಂತುಬಿಡುತ್ತಿತ್ತು. ಅಂಚೆಯವರು ಲಕೋಟೆಯೊಳಗಿನ ಕಾಗದದಲ್ಲಿ ‘ನಿಲ್ಲು’ ಎಂಬ ಪದ ಕಂಡು ನಡುರಸ್ತೆಯಲ್ಲಿ ಸೈಕಲ್ ನಿಲ್ಲಿಸಿದ ಹಾಗೆ.

ಇದಕ್ಕೆಲ್ಲ ಡ ಕ್ರೂಜ್ ಮತ್ತು ಕ್ಯಾಚಿಂಗ್ಸ್ ಕಂಡುಕೊಂಡ ಉಪಾಯ ನಮ್ಮ ರಿಜಿಸ್ಟರ್ಡ್ ಅಂಚೆಯನ್ನು ನೆನಪಿಸುತ್ತದೆ. ಕಡತವನ್ನು ಚಿಕ್ಕ ಚಿಕ್ಕ ತುಂಡು ಮಾಡು. ಒಂದೊಂದು ತುಂಡಿಗೂ ಒಂದು ಲಕೋಟೆ. ಲಕೋಟೆಯ ಮೇಲೆ ಅದರ ಉದ್ದ, ಅದರ ಸರಣಿ ಸಂಖ್ಯೆ, ಒಳಗಿರುವುದು ಏನು ಎಂಬ ಗುರುತು. ಕೊನೆಯಲ್ಲಿ ಒಳಗಿನ ಅಕ್ಷರಗಳನ್ನೆಲ್ಲ ಕೂಡಿ ಪಡೆದ ತಾಳೆ ಅಂಕಿ. ಆ ಕಡೆಯವರು ತೆರೆದು, ಕೂಡಿ, ತಾಳೆ ನೋಡಿ ‘ಮುಟ್ಟಿತು’ ಎಂದು ಸಹಿ ಹಾಕಿ ಕಳಿಸಬೇಕು. ತಾಳೆಯಾಗದಿದ್ದರೆ ‘ಮತ್ತೆ ಕಳಿಸು’ ಎನ್ನಬೇಕು. ಸಹಿ ಬರುವವರೆಗೆ ಮುಂದಿನ ಲಕೋಟೆ ಹೊರಡುವುದಿಲ್ಲ. ದಾರಿಯಲ್ಲಿ ಯಾವ ಯಂತ್ರದ ಕಣ್ಣಿಗೂ ಆಜ್ಞೆಯಂತೆ ಕಾಣಬಾರದು ಎಂದು, ಲಕೋಟೆಯ ಆರಂಭ ಮತ್ತು ಅಂತ್ಯದ ಗುರುತು ಬಿಟ್ಟು ಉಳಿದದ್ದೆಲ್ಲ ಅಚ್ಚಾಗಬಲ್ಲ ಸಾಮಾನ್ಯ ಅಕ್ಷರಗಳೇ ಆಗಿರಬೇಕು. ಉದ್ದ ಮತ್ತು ಸರಣಿ ಸಂಖ್ಯೆಗಳಿಗೂ 32 ಕೂಡಿಸಿ ಅಕ್ಷರದ ವೇಷ ಹಾಕಿದರು. ಅದರಿಂದಲೇ ಉದ್ದದ ಅಂಕಿ 94ಕ್ಕೆ ನಿಂತಿತು. ಒಳಗೆ ಆಜ್ಞೆಯಂಥ ಬೈಟ್ ಬಂದರೆ ಅದರ ಮುಂದೆ ‘#’ ಚಿಹ್ನೆಯಿಟ್ಟು ಅದನ್ನೊಂದು ಸಾಧು ಅಕ್ಷರವಾಗಿ ಬದಲಿಸುವುದು. ಏಳು ಬಿಟ್‌ನ ದಾರಿಯಲ್ಲಿ ಎಂಟು ಬಿಟ್‌ನ ಬೈಟ್ ಸಾಗಿಸಬೇಕಾದರೆ ಅದರ ಮುಂದೆ ‘&’ ಇಟ್ಟು, ‘ಎಂಟನೆಯದು ಇಲ್ಲಿತ್ತು, ಆ ಕಡೆ ಮತ್ತೆ ಹಚ್ಚಿಕೋ’ ಎಂದು ತಿಳಿಸುವುದು.

1981ರ ಏಪ್ರಿಲ್ 29ರಂದು, ಡೆಕ್-20ರ ಎರಡು ಪೋರ್ಟ್‌ಗಳನ್ನೇ ಒಂದು ತಂತಿಯಿಂದ ಜೋಡಿಸಿ, ಮೊದಲ ಕಡತ ರವಾನಿಸಿದರು. ಹೆಸರು ಬೇಕಾಯಿತು. ಗೋಡೆಯ ಮೇಲೆ ಮಪೆಟ್ ಗೊಂಬೆಗಳ ಕ್ಯಾಲೆಂಡರ್ ತೂಗುತ್ತಿತ್ತು. ಅದರಲ್ಲಿ ಕರ್ಮಿಟ್ ಎಂಬ ಹಸಿರು ಕಪ್ಪೆ. ಅದೇ ಹೆಸರಾಯಿತು. ಮುಂದೆ ಗೊಂಬೆಯ ಒಡೆಯರಿಂದ ಅನುಮತಿಯನ್ನೂ ಪಡೆದರು.

ಕರ್ಮಿಟ್ ನಿಧಾನ ಎಂಬ ಮಾತು ಮುಂದೆ ಬಹಳ ಕೇಳಿಬಂತು. ಒಂದೊಂದು ಲಕೋಟೆಗೂ ಸಹಿ ಕಾಯುವುದೆಂದರೆ ನಿಧಾನವೇ. ಮುಂದಿನ ಆವೃತ್ತಿಗಳಲ್ಲಿ ಉದ್ದದ ಲಕೋಟೆಗಳೂ, ಸಹಿಗೆ ಕಾಯದೆ ಹಲವನ್ನು ಒಟ್ಟಿಗೆ ಕಳಿಸುವ ಏರ್ಪಾಡೂ ಬಂದವು, ವೇಗವೂ ಬಂತು, ಆದರೂ ನಿಧಾನವೆಂಬ ಹೆಸರು ಅಂಟಿಕೊಂಡೇ ಉಳಿಯಿತು. ನನಗೆ ಈ ಟೀಕೆ ಒಪ್ಪಿಗೆಯಾಗುವುದಿಲ್ಲ. ಒಳ್ಳೆಯ ತಂತಿ, ಹೊಸ ಯಂತ್ರ ಇದ್ದವರಿಗೆ ವೇಗದ ವಿಧಾನಗಳು ಆಗಲೂ ಇದ್ದವು. ಕರ್ಮಿಟ್ ಹುಟ್ಟಿದ್ದು ಅತ್ಯಂತ ಕೆಟ್ಟ ತಂತಿಯವನಿಗೂ, ಅತ್ಯಂತ ಹಟಮಾರಿ ಯಂತ್ರದವನಿಗೂ ಕಡತ ಮುಟ್ಟಬೇಕೆಂಬ ಹಂಬಲದಿಂದ. ದಿಂಡಿ ಯಾತ್ರೆಯಲ್ಲಿ ನಡೆಯುವಾಗ ಹಿಂದೆ ಬಿದ್ದ ಮುದುಕರ ಹೆಜ್ಜೆಗೆ ಉಳಿದವರು ಹೆಜ್ಜೆ ಹೊಂದಿಸುತ್ತಾರಲ್ಲ, ಆ ನಡಿಗೆ ಇದು. ಎಲ್ಲರ ಕೈಗೂ ಎಟಕಬೇಕಾದ ಸೌಲಭ್ಯವನ್ನು ಕಟ್ಟುವವರು ಎಲ್ಲಿಂದ ಶುರು ಮಾಡಬೇಕು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ತಂತ್ರಾಂಶ ನನಗೆ ಗೊತ್ತಿಲ್ಲ.

ಕಟ್ಟಿದ್ದನ್ನು ಅವರು ಮುಚ್ಚಿಡಲಿಲ್ಲ. ಬೇರೆ ವಿಶ್ವವಿದ್ಯಾಲಯಗಳು ಕೇಳಿದವು, ಮ್ಯಾಗ್ನೆಟಿಕ್ ಟೇಪಿಗೆ ತುಂಬಿ ಕಳಿಸಿದರು, ಮೂಲ ಸಂಕೇತದ ಸಮೇತ. ತಮ್ಮಲ್ಲಿರುವ ಯಂತ್ರಕ್ಕೆ ಕರ್ಮಿಟ್ ಇಲ್ಲದಿದ್ದರೆ ಅಲ್ಲಿಯವರೇ ಬರೆದು ಕೊಲಂಬಿಯಾಕ್ಕೆ ಕಳಿಸಿದರು. ಅದು ಮುಂದಿನ ಟೇಪಿಗೆ ಸೇರಿತು. ಐಬಿಎಂ ಪಿಸಿಯ ಡಾಸ್ ಆವೃತ್ತಿಯನ್ನು ವರ್ಷಗಟ್ಟಲೆ ಬೆಳೆಸಿದ್ದು ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಜೋ ಡುಪ್ನಿಕ್. ಇಂಥ ಕೊಡುಕೊಳ್ಳುವಿಕೆಗೆ ‘ಓಪನ್ ಸೋರ್ಸ್’ ಎಂಬ ಹೆಸರು ಹುಟ್ಟಲು ಇನ್ನೂ ಒಂದೂವರೆ ದಶಕ ಬಾಕಿಯಿತ್ತು. 1984ರ ಜೂನ್ ಮತ್ತು ಜುಲೈ ಸಂಚಿಕೆಗಳಲ್ಲಿ ಬೈಟ್ ಪತ್ರಿಕೆ ಇಬ್ಬರ ಲೇಖನವನ್ನು ಎರಡು ಕಂತುಗಳಲ್ಲಿ ಅಚ್ಚು ಮಾಡಿತು. ‘ವಿಶ್ವವಿದ್ಯಾಲಯಗಳಿಗಾಗಿ’ ಎಂಬ ಮಾತು ಆ ಲೇಖನದ ತಲೆಬರಹದಲ್ಲೇ ಇತ್ತು. 1987ರಲ್ಲಿ ಡ ಕ್ರೂಜ್ ಬರೆದ ಪುಸ್ತಕಕ್ಕೆ ಮುನ್ನುಡಿ ಬರೆದವರು ಡೊನಾಲ್ಡ್ ನುತ್. ಗಣಕ ವಿಜ್ಞಾನದ ಅಷ್ಟು ದೊಡ್ಡ ವಿದ್ವಾಂಸರು ಗಣಕ ಕೇಂದ್ರದ ನೌಕರರೊಬ್ಬರ ಪುಸ್ತಕಕ್ಕೆ ಮುನ್ನುಡಿ ಬರೆದದ್ದು ನನಗೆ ಬಹಳ ಖುಷಿ ಕೊಡುವ ಸಂಗತಿ.

ಈ ವೃತ್ತಿಯಲ್ಲಿ ಒಂದೇ ಕಡೆ ಕೂತೂ ಹತ್ತು ಊರು ತಿರುಗಿದ ಹಾಗೆ ಆಗುತ್ತದೆ. 1983ರಲ್ಲಿ ಡಿಜಿಟಲ್ ಕಂಪನಿ ಡೆಕ್-20ರ ಉತ್ತರಾಧಿಕಾರಿಯಾಗಬೇಕಿದ್ದ ಜ್ಯುಪಿಟರ್ ಯಂತ್ರವನ್ನು ಕೈಬಿಟ್ಟಿತು. ಯಾರೋ ಎಲ್ಲೋ ತೆಗೆದುಕೊಂಡ ನಿರ್ಧಾರ. ಅದರ ಮೇಲೆ ಕಟ್ಟಿಕೊಂಡಿದ್ದ ಇಡೀ ವಿಶ್ವವಿದ್ಯಾಲಯದ ದಿನಚರಿ ಅಲ್ಲಾಡಿತು. ಕೊಲಂಬಿಯಾದಲ್ಲಿ 1988ರ ಹೊತ್ತಿಗೆ ಡೆಕ್-20ಗಳು ಹೋದವು, ಯುನಿಕ್ಸ್ ಬಂತು. ಜನರಿಗೆ ಹಳೆಯ ಯಂತ್ರದ ಮೇಲ್ ಪ್ರೋಗ್ರಾಮು ಅಭ್ಯಾಸವಾಗಿತ್ತು ಎಂಬ ಒಂದೇ ಕಾರಣಕ್ಕೆ ಗಣಕ ಕೇಂದ್ರದವರು ಅದನ್ನು ಯುನಿಕ್ಸ್‌ಗೆ ಹೊಸದಾಗಿ ಬರೆದುಕೊಟ್ಟರು. ಡ ಕ್ರೂಜ್ ತಮ್ಮ ಸಹೋದ್ಯೋಗಿ ಕ್ರಿಸ್ಟೀನ್ ಜನೋನ್ ಅವರೊಂದಿಗೆ ಡೆಕ್-20ರ ಆ ಹನ್ನೊಂದು ವರ್ಷಗಳ ಕತೆಯನ್ನು ಬರೆದಿಟ್ಟರು. ಯಂತ್ರ ನೋಡಿಕೊಳ್ಳುವುದು, ಪ್ರೊಟೊಕಾಲ್ ಬರೆಯುವುದು, ಕೈಪಿಡಿ ಬರೆಯುವುದು, ದೂರು ಕೇಳುವುದು, ಟೇಪು ಕಟ್ಟಿ ಅಂಚೆಗೆ ಹಾಕುವುದು, ಕೊನೆಗೆ ಇತಿಹಾಸ ಬರೆಯುವುದು – ಎಲ್ಲವೂ ಆ ಒಂದೇ ಗುಂಪಿನ ಕೆಲಸ.

ನಮ್ಮ ನೆಲದ ಗಣಕ ಕೇಂದ್ರಗಳ ಕತೆಯೂ ಇದೇ ಕಾಲದ್ದು. ಕೊಲಂಬಿಯಾದಲ್ಲಿ ಕೇಂದ್ರ ತೆರೆದ 1963ರಲ್ಲೇ ಐಐಟಿ ಕಾನ್ಪುರಕ್ಕೆ ಐಬಿಎಂ 1620 ಬಂತು. ಅಲ್ಲಿ ಅದರ ಸುತ್ತ ಪಾಠ ಕಟ್ಟಿದವರಲ್ಲಿ ಮುಖ್ಯರು ವಿ. ರಾಜಾರಾಮನ್. ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಯಾಗಿದ್ದವರು. 1950ರ ದಶಕದಲ್ಲೇ ಅಲ್ಲಿ ಅನಲಾಗ್ ಗಣಕ ಕಟ್ಟುವುದರಲ್ಲಿ ಕೈಜೋಡಿಸಿದ್ದವರು. ಕಾನ್ಪುರದಲ್ಲಿ ಫೋರ್ಟ್ರಾನ್ ಕಲಿಸಿದರು, ವಿದ್ಯಾರ್ಥಿಗಳ ಕೈಗೆಟಕುವ ಬೆಲೆಗೆ ಪುಸ್ತಕ ಬರೆದರು, ಎಂಸಿಎ ಪದವಿಗೆ ರೂಪ ಕೊಟ್ಟ ಸಮಿತಿಯ ನೇತೃತ್ವ ವಹಿಸಿದರು. 1982ರಲ್ಲಿ ಮತ್ತೆ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯ ಸೂಪರ್‌ಕಂಪ್ಯೂಟರ್ ಕೇಂದ್ರವನ್ನು ಬೆಳೆಸಿದರು. 1986ರಲ್ಲಿ ಶುರುವಾದ ಅರ್ನೆಟ್ ಎಂಬ ಗಣಕ ಜಾಲದಲ್ಲಿ ಐದು ಐಐಟಿಗಳ ಜತೆ ನಮ್ಮ ವಿಜ್ಞಾನ ಸಂಸ್ಥೆಯೂ ಇತ್ತು. ಜನಸಾಮಾನ್ಯರಿಗೆ ಇಂಟರ್ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ವರ್ಷಗಳ ಕಾಲ ಭಾರತದ ಇಮೇಲ್ ಬದುಕಿದ್ದೇ ಈ ವಿದ್ಯಾಸಂಸ್ಥೆಗಳ ಯಂತ್ರಕೋಣೆಗಳಲ್ಲಿ. ಅಲ್ಲಿ ರಾತ್ರಿಪಾಳಿ ಮಾಡಿ ಮೋಡೆಮ್ ಕಾದವರ ಕತೆಯನ್ನು ಯಾರಾದರೂ ಕನ್ನಡದಲ್ಲಿ ಬರೆಯಬೇಕು. ಅವರಲ್ಲಿ ಅನೇಕರು ಈಗ ನಿವೃತ್ತರು. ತಡ ಮಾಡಿದರೆ ಕೇಳಲು ಯಾರೂ ಸಿಗುವುದಿಲ್ಲ.

ಕೊಲಂಬಿಯಾ ಒಂಟಿಯೂ ಅಲ್ಲ. ಇಂದು ಫೋನಿನಲ್ಲೂ ಲ್ಯಾಪ್‌ಟಾಪಿನಲ್ಲೂ ಒಂದೇ ಅಂಚೆಪೆಟ್ಟಿಗೆ ಕಾಣಿಸುವ ಐಮ್ಯಾಪ್ ವಿಧಾನವನ್ನು ರೂಪಿಸಿದ ಮಾರ್ಕ್ ಕ್ರಿಸ್ಪಿನ್ ಸ್ಟ್ಯಾನ್‌ಫರ್ಡ್‌ನಲ್ಲೂ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲೂ ಇಂಥದ್ದೇ ಕೆಲಸದಲ್ಲಿದ್ದವರು. ಕೋವಿಡ್ ದಿನಗಳಲ್ಲಿ ನಮ್ಮ ಎಷ್ಟೋ ಕಾಲೇಜುಗಳಿಗೆ ಆಸರೆಯಾದ ಮೂಡಲ್ ತಂತ್ರಾಂಶವನ್ನು ಬರೆದ ಮಾರ್ಟಿನ್ ಡೂಗಿಯಮಸ್ ಆಸ್ಟ್ರೇಲಿಯಾದ ಕರ್ಟಿನ್ ವಿಶ್ವವಿದ್ಯಾಲಯದಲ್ಲಿ ಆನ್‌ಲೈನ್ ಪಾಠದ ವ್ಯವಸ್ಥೆ ನೋಡಿಕೊಳ್ಳುತ್ತಿದ್ದವರು. ಬಳಸುವವರು ಪಕ್ಕದ ಕೋಣೆಯಲ್ಲೇ ಇದ್ದು, ಬೆಳಗ್ಗೆ ಕಾಫಿಗೆ ಸಿಕ್ಕಾಗಲೇ ತೊಂದರೆ ಹೇಳುವಂತಿದ್ದರೆ ತಂತ್ರಾಂಶಕ್ಕೆ ಒಂದು ಬಗೆಯ ಪ್ರಾಮಾಣಿಕತೆ ಬರುತ್ತದೆ ಎಂದು ನನ್ನ ನಂಬಿಕೆ.

ಮತ್ತೆ ಕರ್ಮಿಟ್‌ಗೆ ಬರೋಣ. ಕಡತ ಮುಟ್ಟಿದ ಮೇಲೆ ಮುಂದಿನ ಪ್ರಶ್ನೆ ಅಕ್ಷರಗಳದ್ದು. ಬೈಟ್‌ಗಳೆಲ್ಲ ತಪ್ಪಿಲ್ಲದೆ ತಲುಪಿದರೂ ಓದಲು ಬಾರದಿದ್ದರೆ ಏನು ಬಂತು? ರಷ್ಯನ್ ಭಾಷೆಗೇ ಒಂದಕ್ಕಿಂತ ಹೆಚ್ಚು ಸಂಕೇತಮಾಲೆಗಳು, ಜಪಾನಿಗೂ ಹಾಗೆಯೇ. 1989ರಲ್ಲಿ ಮಾಸ್ಕೋದಲ್ಲಿ ಕರ್ಮಿಟ್ ಕುರಿತೇ ಒಂದು ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಕಳಿಸುವ ಯಂತ್ರ ತನ್ನ ಸಂಕೇತಮಾಲೆಯನ್ನು ಒಂದು ಸಾಮಾನ್ಯ ಮಾಲೆಗೆ ಬದಲಿಸಿ ಕಳಿಸಬೇಕು, ಪಡೆಯುವ ಯಂತ್ರ ಅದನ್ನು ತನ್ನದಕ್ಕೆ ಬದಲಿಸಿಕೊಳ್ಳಬೇಕು ಎಂಬ ಏರ್ಪಾಡು ಕರ್ಮಿಟ್‌ಗೆ ಸೇರಿತು. ಸಿರಿಲಿಕ್, ಹೀಬ್ರೂ, ಜಪಾನಿ ಬರಹಗಳು ಯಂತ್ರದಿಂದ ಯಂತ್ರಕ್ಕೆ ಓದುವಂತೆಯೇ ದಾಟತೊಡಗಿದವು. ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ನಮಗೆ ಆ ಭಾಗ್ಯ ಬಂದದ್ದು ಯುನಿಕೋಡ್ ಮೂಲಕ: 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತು, ಮರುವರ್ಷ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯುಟಿಎಫ್-8 ಎಂಬ ಸಾಗಣೆಯ ರೂಪ ಕಂಡುಹಿಡಿದರು. ನಮ್ಮ ದಿನಬಳಕೆಗೆ ಅದು ಇಳಿಯಲು ಮತ್ತೆ ಹತ್ತು ಹದಿನೈದು ವರ್ಷ ಹಿಡಿದವು. ಆ ನಡುವಿನ ವರ್ಷಗಳಲ್ಲೇ ನಮ್ಮ ಲೇಖನಗಳು ಚೌಕಗಳಾಗಿ ತಲುಪುತ್ತಿದ್ದದ್ದು.

2011ರ ಜುಲೈ 1ರಂದು ಕೊಲಂಬಿಯಾ ವಿಶ್ವವಿದ್ಯಾಲಯ ಕರ್ಮಿಟ್ ಯೋಜನೆಯನ್ನು ಮುಚ್ಚಿತು. ಡ ಕ್ರೂಜ್ ಅವರ ಅಲ್ಲಿನ ಕೆಲಸವೂ ಮುಗಿಯಿತು. ಹೋಗುವ ಮುನ್ನ ತಂತ್ರಾಂಶವನ್ನು ಯಾರು ಬೇಕಾದರೂ ಬಳಸುವಂತೆ, ತಿದ್ದುವಂತೆ ಮುಕ್ತ ಪರವಾನಗಿಯಲ್ಲಿ ಬಿಡಲಾಯಿತು. ಆಮೇಲೂ ಅವರು ಅದನ್ನು ನೋಡಿಕೊಳ್ಳುವುದು ಬಿಡಲಿಲ್ಲ. ಎಕರ್ಟ್ ಕಾಲದಿಂದ ಹಿಡಿದು ಕೊಲಂಬಿಯಾದ ಗಣಕಗಳ ಇತಿಹಾಸವನ್ನೂ ಅವರೇ ವರ್ಷಗಳಿಂದ ಕೂಡಿಸಿ ಬರೆದಿಟ್ಟಿದ್ದರು: ಹಳೆಯ ಫೋಟೋಗಳು, ಯಂತ್ರಗಳ ವಿವರ, ಕಾರ್ಡು ಪಂಚ್ ಮಾಡುತ್ತಿದ್ದವರ ಹೆಸರುಗಳು. ಹೆಸರುಗಳನ್ನು ಬಿಡದೆ ದಾಖಲಿಸಿರುವುದನ್ನು ನೋಡಿದಾಗ ನನಗೆ ಗೌರವ ಉಕ್ಕುತ್ತದೆ.

ಅವರು ಮಾಡಿಟ್ಟ ಇನ್ನೊಂದು ಚಿಕ್ಕ ಕೆಲಸವಿದೆ. ತಮ್ಮ ತಂತ್ರಾಂಶ ಎಲ್ಲ ಲಿಪಿಗಳನ್ನೂ ಸರಿಯಾಗಿ ತೋರಿಸುತ್ತದೆಯೇ ಎಂದು ಪರೀಕ್ಷಿಸಲು ಜಗತ್ತಿನ ಭಾಷೆಗಳ ಸಾಲುಗಳನ್ನು ಯುಟಿಎಫ್-8ರಲ್ಲಿ ಒಂದೇ ಕಡತಕ್ಕೆ ಸೇರಿಸಿದರು. ಊರೂರಿನವರು ತಮ್ಮ ತಮ್ಮ ಭಾಷೆಯ ಮಾದರಿ ಕಳಿಸಿಕೊಟ್ಟರು. ಅದರ ಕವಿತೆಗಳ ಭಾಗದಲ್ಲಿ ಪುಷ್ಕಿನ್ ಇದ್ದಾರೆ, ಜಾರ್ಜಿಯಾದ ರುಸ್ತಾವೇಲಿ ಇದ್ದಾರೆ, ಸುಬ್ರಹ್ಮಣ್ಯ ಭಾರತಿ ಇದ್ದಾರೆ. ಭಾರತಿಯವರ ಜತೆಯಲ್ಲೇ ನಮ್ಮ ಕುವೆಂಪು ಇದ್ದಾರೆ, ಕನ್ನಡ ಲಿಪಿಯಲ್ಲೇ.

ಅದನ್ನು ನೋಡಿದ ದಿನ ನಾನು ಕಾಗದ ತೆಗೆದುಕೊಂಡು ಒಂದು ಲೆಕ್ಕ ಹಾಕಿದೆ. 1981ರ ಆ ಏಳು ಬಿಟ್‌ನ ತಂತಿಯ ಮೇಲೆ, ಅದೇ ನಿಯಮಗಳಂತೆ, ಕನ್ನಡದ ಒಂದು ‘ಅ’ ಕಳಿಸಿದರೆ ಅದು ಹೇಗೆ ಸಾಗುತ್ತದೆ? ಯುಟಿಎಫ್-8ರಲ್ಲಿ ‘ಅ’ಗೆ ಮೂರು ಬೈಟ್‌ಗಳು. ಮೂರರಲ್ಲೂ ಎಂಟನೆಯ ಬಿಟ್ ಇದೆ, ಆದ್ದರಿಂದ ಮೂರಕ್ಕೂ ಮುಂದೊಂದು ‘&’ ಬೇಕು. ಮೊದಲನೆಯದು ‘&’ ಜತೆ ಒಂದು ಓರೆ ಉದ್ಧರಣ ಚಿಹ್ನೆಯಾಗುತ್ತದೆ. ಎರಡನೆಯದು ‘&’ ಜತೆ ಅಂಕಿ 2. ಮೂರನೆಯದು ಎಂಟನೆಯ ಬಿಟ್ ತೆಗೆದರೆ ಆಜ್ಞಾ ಸಂಕೇತವಾಗಿಬಿಡುತ್ತದೆ, ಹಾಗಾಗಿ ಅದಕ್ಕೆ ‘&’ ಮತ್ತು ‘#’ ಎರಡೂ ಬೇಕು, ಆಮೇಲೆ ರೋಮನ್ ವರ್ಣಮಾಲೆಯ ಐದನೆಯ ಅಕ್ಷರ. ಒಟ್ಟು ಏಳು ಚಿಹ್ನೆಗಳು. ಯಾವ ಯಂತ್ರಕ್ಕೂ ಅನುಮಾನ ಬಾರದಂಥ ಬಡಪಾಯಿ ಚಿಹ್ನೆಗಳು. ಅವು ತಂತಿ ದಾಟಿ, ತಾಳೆಯಾಗಿ, ‘ಮುಟ್ಟಿತು’ ಎಂಬ ಸಹಿ ಹಿಂದಿರುಗಿ, ವೇಷ ಒಂದೊಂದಾಗಿ ಕಳಚಿದಾಗ ಆ ಕಡೆಯ ಡಿಸ್ಕಿನ ಮೇಲೆ ಉಳಿಯುವುದು ಮತ್ತೆ ಅದೇ ಮೂರು ಬೈಟ್‌ಗಳು, ಅದೇ ‘ಅ’.